ಸಿಮೆಂಟ್ ಸೀಮೆಯಲ್ಲಿ ಮೈದಾನದ ಪ್ರಶ್ನೆ

ಶಹಾಬಾದಿನ ಹಾಸುಗಲ್ಲು ಹೈದರಾಬಾದಿನಿಂದ ಪುಣೆಯವರೆಗೆ ಎಷ್ಟು ಮನೆಗಳ ಅಂಗಳದಲ್ಲಿ ಬಿದ್ದುಕೊಂಡಿದೆಯೋ ಲೆಕ್ಕವಿಟ್ಟವರಿಲ್ಲ. ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿಗಳ ಸುಣ್ಣಕಲ್ಲು ಸಿಮೆಂಟಾಗಿ ರೈಲು ಹತ್ತಿ, ದೂರದ ನಗರಗಳ ಮೇಲ್ಸೇತುವೆಗಳೂ ಕ್ರೀಡಾಂಗಣಗಳ ಮೆಟ್ಟಿಲುಗಳೂ ಆಗಿದೆ. ಪರರ ಮನೆಗೆ ನೆಲ ಹಾಸಿಕೊಟ್ಟ ಈ ಸೀಮೆಯಲ್ಲಿ ತನ್ನ ಮಕ್ಕಳು ಓಡಿಯಾಡಲು ನಾಲ್ಕು ಎಕರೆ ಸಮತಟ್ಟು ಜಾಗ, ತನ್ನ ಕಲಾವಿದರು ತಾಲೀಮು ನಡೆಸಲು ಮಳೆ ಸೋರದ ಒಂದು ಸೂರು ಸುಲಭವಾಗಿ ಸಿಗುವುದಿಲ್ಲ. ಸೇಡಂ ಉಪವಿಭಾಗದಲ್ಲಿ ಕೆಲಕಾಲ ಕೆಲಸ ಮಾಡಿದ ನನಗೆ ಆಗ ಇದು ಸಣ್ಣ ಸಂಗತಿಯಾಗಿ ಕಂಡಿರಲಿಲ್ಲ. ನಿವೃತ್ತನಾದ ಮೇಲೆ ಇನ್ನೂ ದೊಡ್ಡದಾಗಿ ಕಾಣುತ್ತಿದೆ.

ಪ್ರಾದೇಶಿಕ ಅಸಮತೋಲನ ಕುರಿತು 2002ರಲ್ಲಿ ವರದಿ ಸಲ್ಲಿಸಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿತು. ಸೇಡಂ, ಚಿತ್ತಾಪುರ, ಚಿಂಚೋಳಿ ಮೂರೂ ಆ ಪಟ್ಟಿಯಲ್ಲಿದ್ದವು. ಇಂದಿನ ಶಹಾಬಾದ್ ತಾಲ್ಲೂಕು ಆಗ ಚಿತ್ತಾಪುರದ ಭಾಗವೇ ಆಗಿತ್ತು. ಸಮಿತಿಯ ಸೂಚ್ಯಂಕದಲ್ಲಿ ಕೃಷಿ, ಕೈಗಾರಿಕೆ, ಆರೋಗ್ಯ, ಶಿಕ್ಷಣ ಇತ್ಯಾದಿಗಳಿಗೆ ಸ್ಥಾನವಿತ್ತು. ಆಟದ ಬಯಲಿಗಾಗಲಿ, ರಂಗಕ್ಕಾಗಲಿ ಅಂಥ ಲೆಕ್ಕದಲ್ಲಿ ಸ್ಥಾನವಿರುವುದಿಲ್ಲ. ಹಸಿವು, ನೀರು, ಶಾಲೆಯ ಮಾತು ಮುಗಿಯದೆ ಆಟಪಾಟದ ಮಾತೇಕೆ ಎಂದು ಕೇಳುವವರಿದ್ದಾರೆ. ಅವರಿಗೆ ನನ್ನ ಉತ್ತರ ಇಷ್ಟೆ: ಈ ಸೀಮೆಯ ಬಡವರು ಆ ಮಾತುಗಳೆಲ್ಲ ಮುಗಿಯಲೆಂದು ಎಂದೂ ಕಾದು ಕುಳಿತಿರಲಿಲ್ಲ.

ಇಲ್ಲಿನ ಜಾತ್ರೆಗಳ ಕುಸ್ತಿಯನ್ನೇ ನೋಡಿ. ಮೊದಲ ಜೋಡಿಗಳು ತೆಂಗಿನಕಾಯಿಗಾಗಿ ಸೆಣಸುತ್ತವೆ. ಇಳಿಹೊತ್ತಾದಂತೆ ಬಹುಮಾನ ಏರುತ್ತ ಹೋಗಿ ಕೊನೆಯ ಕುಸ್ತಿ ಬೆಳ್ಳಿ ಕಡಗಕ್ಕೆ ನಿಲ್ಲುತ್ತದೆ. ಹತ್ತು ವರ್ಷದ ಹುಡುಗನಿಗೂ ಅಖಾಡದಲ್ಲಿ ಇಳಿಯಲು ಒಂದು ಸರತಿ ಇದೆ. ಬಹುಮಾನದ ಖರ್ಚು ಊರ ವರ್ತಕರು, ರೈತರು ಹಂಚಿಕೊಂಡು ಎತ್ತುವಂಥದು. ಉಸುಕಿನ ಚೀಲ, ಗುಂಡುಕಲ್ಲು ಎತ್ತುವ ಪಂದ್ಯಗಳೂ ಹಾಗೆಯೇ; ಸಲಕರಣೆಗೆ ಕಾಸಿನ ಖರ್ಚಿಲ್ಲ, ಪ್ರವೇಶಕ್ಕೆ ಶುಲ್ಕವಿಲ್ಲ, ತೀರ್ಪುಗಾರರು ಊರ ಹಿರಿಯರು. ಮೊಹರಂ ಬಂದರೆ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರಲ್ಲಿ ಯಾರು ಹಿಂದೂ ಯಾರು ಮುಸಲ್ಮಾನ ಎಂದು ಹೊರಗಿನವನಿಗೆ ತಿಳಿಯುವುದಿಲ್ಲ. ಕರ್ಬಲಾದ ಕಥೆಯನ್ನು ಅಚ್ಚ ಕನ್ನಡದ ರಿವಾಯತ್ ಪದಗಳಲ್ಲಿ ಹಾಡುತ್ತಾರೆ. ಬಯಲಾಟದ ಮೇಳಗಳು, ತತ್ವಪದದ ಭಜನಾ ತಂಡಗಳು, ಚಿಂಚೋಳಿಯ ತಾಂಡಾಗಳ ಲಂಬಾಣಿ ಕುಣಿತ, ಗಡಿಯಾಚೆಯಿಂದ ಬರುವ ತೆಲುಗು ಹಾಡು, ಪಟ್ಟಣಗಳ ಉರ್ದು ಮುಶಾಯಿರಾ, ಇವೆಲ್ಲವನ್ನೂ ಸೇರಿಸಿದರೆ ಒಂದು ದೊಡ್ಡ ನಗರಕ್ಕೂ ಇಲ್ಲದ ಸಾಂಸ್ಕೃತಿಕ ಸಂಪತ್ತು. ಕವಿರಾಜಮಾರ್ಗ ಹುಟ್ಟಿದ ರಾಷ್ಟ್ರಕೂಟರ ಮಾನ್ಯಖೇಟ ಸೇಡಂ ತಾಲ್ಲೂಕಿನ ಇಂದಿನ ಮಳಖೇಡವೇ. ಅಶೋಕನ ಹೆಸರು ಕೆತ್ತಿದ ಶಿಲ್ಪ ಸಿಕ್ಕ ಕನಗನಹಳ್ಳಿ ಚಿತ್ತಾಪುರ ಸೀಮೆಯದೇ. ಆದರೆ ಗತವೈಭವದ ಭಾಷಣಗಳು ನಮ್ಮಲ್ಲಿ ಸಾಕಷ್ಟಾಗಿವೆ. ನಾನು ಹೇಳಬೇಕೆಂದಿರುವುದು ಈಗಿನ ಮಾತು.

ಕಾರ್ಖಾನೆ ಬಂದಾಗ ಒಂದು ಹೊಸ ಬಗೆಯ ಆಟ ಬಂತು. ಎಸಿಸಿ ಕಂಪನಿ ರೂಪುಗೊಂಡದ್ದು 1936ರಲ್ಲಿ. ಅದರ ಹಳೆಯ ಘಟಕಗಳಲ್ಲಿ ಶಹಾಬಾದಿನದೂ ಒಂದು. ನಂತರ ವಾಡಿಯಲ್ಲಿ, ಆಮೇಲೆ ಮಳಖೇಡ, ಸೇಡಂ ಸುತ್ತಮುತ್ತ, ಈಚೆಗೆ ಚಿಂಚೋಳಿಯ ಕಡೆಗೂ ಸಿಮೆಂಟ್ ಕಾರ್ಖಾನೆಗಳು ಎದ್ದವು. ಕಾರ್ಖಾನೆಯ ಜೊತೆ ವಸಾಹತು, ವಸಾಹತಿನ ಜೊತೆ ಕ್ಲಬ್ಬು, ಬ್ಯಾಡ್ಮಿಂಟನ್ ಅಂಕಣ, ಹುಲ್ಲು ಬೆಳೆಸಿದ ಮೈದಾನ, ಗಣೇಶೋತ್ಸವದ ವೇದಿಕೆ. ಅರ್ಥಶಾಸ್ತ್ರಜ್ಞ ಜೇಮ್ಸ್ ಬುಕಾನನ್ 1965ರಲ್ಲಿ ಕ್ಲಬ್ ಸರಕು ಎಂಬ ಪರಿಕಲ್ಪನೆಯನ್ನು ಮಂಡಿಸಿದ: ಹಲವರು ಹಂಚಿಕೊಂಡು ಅನುಭವಿಸಬಹುದಾದ, ಆದರೆ ಹೊರಗಿನವರನ್ನು ಬಾಗಿಲಲ್ಲೇ ತಡೆಯಬಹುದಾದ ಸೌಲಭ್ಯ. ಬೇಲಿಯಾಚೆ ನಿಂತು ದೀಪದ ಬೆಳಕಿನಲ್ಲಿ ವಾಲಿಬಾಲ್ ನೋಡುವ ಊರ ಹುಡುಗರನ್ನು ಕಂಡಾಗಲೆಲ್ಲ ನನಗೆ ತರಗತಿಯ ಆ ಪಾಠ ನೆನಪಾಗುತ್ತಿತ್ತು. ಧೂಳು ಮಾತ್ರ ಬೇಲಿಯನ್ನು ಮಾನ್ಯ ಮಾಡುವುದಿಲ್ಲ. ಧೂಳು ಸಾರ್ವಜನಿಕ, ಮೈದಾನ ಖಾಸಗಿ ಎಂಬ ಈ ವ್ಯವಸ್ಥೆಯನ್ನು ನಾವು ದಶಕಗಳಿಂದ ಸಹಜವೆಂದು ಒಪ್ಪಿಕೊಂಡು ಬಂದಿದ್ದೇವೆ.

ಸೇವೆಯಲ್ಲಿದ್ದಾಗ ತಾಲ್ಲೂಕು ಮಟ್ಟದ ಕಬಡ್ಡಿ ಪಂದ್ಯಾವಳಿಗೆ ಒಂದು ಕಾರ್ಖಾನೆಯ ಮೈದಾನ ಕೇಳಿ ಪತ್ರ ಬರೆದಿದ್ದೆ. ಒಂದು ದಿನಕ್ಕೆ ಅನುಮತಿ ಬಂತು; ಸೂರ್ಯಾಸ್ತದೊಳಗೆ ತೆರವು ಮಾಡಬೇಕೆಂಬ ಷರತ್ತೂ ಬಂತು. ಅದು ಅವರ ಆಸ್ತಿ, ಅನುಮತಿ ಕೊಟ್ಟದ್ದೇ ಔದಾರ್ಯ. ಆದರೆ ಆ ಒಂದು ದಿನ ಪಂದ್ಯ ನೋಡಲು ಸೇರಿದ ಜನರನ್ನು ಕಂಡ ಮೇಲೆ ಬೇಡಿಕೆ ಎಷ್ಟಿದೆ ಎಂದು ತಿಳಿಯಲು ಯಾವ ಸಮೀಕ್ಷೆಯೂ ಬೇಕಿರಲಿಲ್ಲ.

ಕ್ಲಬ್ ಸರಕಿಗೆ ಇನ್ನೊಂದು ದೋಷವಿದೆ. ಕಾರ್ಖಾನೆ ಕಣ್ಣು ಮುಚ್ಚಿದರೆ ಅದೂ ಮುಚ್ಚುತ್ತದೆ. ಶಹಾಬಾದ್ ಇದಕ್ಕೆ ನಿದರ್ಶನ. ಎಸಿಸಿ ಅಲ್ಲಿನ ಘಟಕವನ್ನು ಕೈಬಿಟ್ಟ ಬಳಿಕ ಮಾಲೀಕರು ಬದಲಾದರು, ಕೊನೆಗೆ ಹಳೆಯ ಚಿಮಣಿ ತಣ್ಣಗಾಯಿತು. ಪಾಳಿ ಮುಗಿಸಿ ಬಂದವರು ಕೂಡುತ್ತಿದ್ದ ಸಂಜೆಗಳೂ ಅದರೊಂದಿಗೆ ಕರಗಿದವು. ಕಾರ್ಮಿಕ ಚಳವಳಿಯ ಊರಾದ್ದರಿಂದ ಬೀದಿ ನಾಟಕ, ಹೋರಾಟದ ಹಾಡುಗಳ ಪರಂಪರೆ ಅಲ್ಲಿ ಒಂದಿಷ್ಟು ಉಳಿದುಕೊಂಡಿದೆ. ಅದಕ್ಕೆ ಬೇಲಿಯಾಗಲಿ, ಮಾಲೀಕರಾಗಲಿ ಇರಲಿಲ್ಲವೆಂಬುದೇ ಕಾರಣವಿರಬಹುದು.

ಇನ್ನು ಸರ್ಕಾರದ ಕ್ರೀಡಾಕೂಟಗಳು. ದಸರಾ ಕ್ರೀಡಾಕೂಟದ ತಾಲ್ಲೂಕು ಸುತ್ತು ನಡೆಯುವುದು ಮಳೆಗಾಲದ ಕೊನೆಯಲ್ಲಿ. ಸೇಡಂ, ಚಿತ್ತಾಪುರದ ಎರೆಮಣ್ಣು ಆ ಹೊತ್ತಿಗೆ ಹೇಗಿರುತ್ತದೆಂದು ಬೆಂಗಳೂರಿನಲ್ಲಿ ವೇಳಾಪಟ್ಟಿ ಹಾಕುವವರಿಗೆ ಯಾರು ಹೇಳಬೇಕು? ಕಾಲಿಟ್ಟರೆ ಚಪ್ಪಲಿ ನೆಲದಲ್ಲೇ ಉಳಿಯುತ್ತದೆ. ಓಟದ ಪಥಕ್ಕೆ ಬಳಿದ ಸುಣ್ಣ ಅರ್ಧ ಗಂಟೆಯಲ್ಲಿ ಮಾಯ. ಇಂಥ ನೆಲಕ್ಕೆ ಅಡಿಯಲ್ಲಿ ಕಲ್ಲುಚೂರು, ಮೇಲೆ ಗರಸು, ಸುತ್ತ ನೀರು ಹರಿಯುವ ಕಾಲುವೆ ಬೇಕು. ಕಲ್ಲುಚೂರು ಶಹಾಬಾದಿನ ಗಣಿಗಳ ಬಳಿ ರಾಶಿ ರಾಶಿ ಬಿದ್ದಿದೆ, ಕೆಂಪು ಗರಸು ಚಿಂಚೋಳಿಯ ಗುಡ್ಡಗಳಲ್ಲಿದೆ. ಇದು ರಾಕೆಟ್ ವಿಜ್ಞಾನವಲ್ಲ, ಲೋಕೋಪಯೋಗಿ ಇಲಾಖೆಯ ಕಿರಿಯ ಎಂಜಿನಿಯರೊಬ್ಬರು ಒಂದು ವಾರದಲ್ಲಿ ಅಂದಾಜುಪಟ್ಟಿ ಮಾಡಿಕೊಡಬಹುದಾದ ಕೆಲಸ.

ದೊಡ್ಡ ಕಾರ್ಯಕ್ರಮ ನಡೆಸುವ ಶಕ್ತಿ ಈ ಭಾಗಕ್ಕಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕಲಬುರಗಿಯಲ್ಲಿ 2020ರ ಫೆಬ್ರುವರಿಯಲ್ಲಿ 85ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಅಲ್ಲಿನ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ 2023ರ ಕೊನೆಯಲ್ಲಿ ಪುರುಷರ ಅಂತರರಾಷ್ಟ್ರೀಯ ಟೆನಿಸ್ ಟೂರ್ನಿ ನಡೆದು ರಾಮಕುಮಾರ್ ರಾಮನಾಥನ್ ಗೆದ್ದರು. ಸೇಡಂನಲ್ಲಿಯೇ 2025ರ ಜನವರಿ ಕೊನೆಯಿಂದ ಫೆಬ್ರುವರಿ ಮೊದಲ ವಾರದವರೆಗೆ ಭಾರತೀಯ ಸಂಸ್ಕೃತಿ ಉತ್ಸವ ನಡೆಯಿತು; ಅದರ ವೈಚಾರಿಕ ಒಲವನ್ನು ಒಪ್ಪದವರೂ ತಾಲ್ಲೂಕು ಕೇಂದ್ರವೊಂದು ಅಷ್ಟು ಜನರನ್ನು ಅಷ್ಟು ದಿನ ಸಂಭಾಳಿಸಿದ್ದನ್ನು ಗಮನಿಸಬೇಕು. ಅದೇ ಊರಿನಲ್ಲಿ ಒಂದು ಕುಟುಂಬದ ಪ್ರತಿಷ್ಠಾನ ತಾಯಿಯ ನೆನಪಿಗೆ ಎರಡು ದಶಕಗಳಿಗೂ ಮೀರಿ ‘ಅಮ್ಮ ಪ್ರಶಸ್ತಿ’ಯನ್ನು ಲೇಖಕರಿಗೆ ನೀಡುತ್ತ ಬಂದಿದೆ. ಉತ್ಸವಕ್ಕಿಂತ ನನಗೆ ಈ ಸಣ್ಣ ಪ್ರಶಸ್ತಿ ಹೆಚ್ಚು ಮುಖ್ಯವೆನಿಸುತ್ತದೆ. ಅದು ಪ್ರತಿ ವರ್ಷ ನಡೆಯುತ್ತದೆ, ಯಾವ ಸಚಿವರ ದಿನಾಂಕಕ್ಕೂ ಕಾಯುವುದಿಲ್ಲ.

ಕಲಬುರಗಿಯ ಟೆನಿಸ್ ನೋಡಲು ಚಿಂಚೋಳಿಯಿಂದ ಬಂದ ಹುಡುಗನೊಬ್ಬ ಊರಿಗೆ ಮರಳಿದ ಮೇಲೆ ಏನು ಮಾಡಬೇಕು? ಬೆಂಗಳೂರಿನಲ್ಲಿ 2008ರಿಂದ ನಡೆದು ಬಂದಿರುವ ಹತ್ತು ಕಿಲೊಮೀಟರ್ ಓಟಕ್ಕಾಗಲಿ, ಚಿತ್ರಕಲಾ ಪರಿಷತ್ತಿನ ಚಿತ್ರಸಂತೆಗಾಗಲಿ ಹಿನ್ನೆಲೆಯಲ್ಲಿ ಉದ್ಯಾನಗಳಿವೆ, ತರಬೇತುದಾರರಿದ್ದಾರೆ, ಕಲಾಶಾಲೆಗಳಿವೆ. ವರ್ಷಕ್ಕೊಮ್ಮೆಯ ಸಂಭ್ರಮ ವರ್ಷವಿಡೀ ನಡೆಯುವ ಅಭ್ಯಾಸದ ಮೇಲೆ ನಿಂತಿದೆ. ನಾವು ಇಲ್ಲಿ ಸಂಭ್ರಮವನ್ನು ಮಾತ್ರ ಆಮದು ಮಾಡಿಕೊಳ್ಳುತ್ತಿದ್ದೇವೆ.

ಸ್ವಾರಸ್ಯವೆಂದರೆ ಕಾನೂನು ಈ ವಿಷಯದಲ್ಲಿ ನಮ್ಮ ಆಡಳಿತಗಾರರಿಗಿಂತ ವಿವೇಕಶಾಲಿ. ಕಂಪನಿ ಕಾಯ್ದೆ 2013ರ 135ನೇ ಕಲಮಿನಂತೆ ನಿಗದಿತ ಗಾತ್ರದ ಕಂಪನಿಗಳು ಹಿಂದಿನ 3 ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವ್ಯಯಿಸಬೇಕು, ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಕೊಡಬೇಕು. ಆ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಗ್ರಾಮೀಣ ಕ್ರೀಡೆಗಳ ತರಬೇತಿ, ಸಾಂಪ್ರದಾಯಿಕ ಕಲೆ ಮತ್ತು ಕರಕುಶಲಗಳ ಅಭಿವೃದ್ಧಿ ಎರಡೂ ಸ್ಪಷ್ಟವಾಗಿವೆ. ಆದರೆ ಮ್ಯಾರಥಾನ್, ಪ್ರಶಸ್ತಿ ಪ್ರದಾನ, ಜಾಹೀರಾತು ಮುಂತಾದ ಒಂದು ಸಲದ ಕಾರ್ಯಕ್ರಮಗಳ ವೆಚ್ಚ ಈ ಲೆಕ್ಕಕ್ಕೆ ಬರುವುದಿಲ್ಲವೆಂದು ಕಂಪನಿ ವ್ಯವಹಾರಗಳ ಸಚಿವಾಲಯ 2014ರ ಜೂನ್ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿತು. ಎಂದರೆ ಬ್ಯಾನರು ಕಟ್ಟಿ ಒಂದು ಬೆಳಿಗ್ಗೆ ಓಡಿಸಿ ಟಿ ಶರ್ಟ್ ಹಂಚಿದರೆ ಸಾಲದು. ಕಬಡ್ಡಿ ತಂಡವೊಂದಕ್ಕೆ ವರ್ಷವಿಡೀ ತರಬೇತುದಾರನನ್ನು ಇಟ್ಟರೆ ಸಲ್ಲುತ್ತದೆ. ನಮ್ಮ ಪುರಸಭೆಗಳು ಕಾರ್ಖಾನೆಗಳ ಬಳಿ ಯಾವುದನ್ನು ಕೇಳಲು ಹೋಗುತ್ತವೆ ಎಂಬುದನ್ನು ಓದುಗರು ಊಹಿಸಬಲ್ಲರು.

ಗಣಿ ಹಣದ ಮಾತು ಇನ್ನೂ ದೊಡ್ಡದು. ಸುಣ್ಣಕಲ್ಲಿನ ಮೇಲೆ 2014ರಲ್ಲಿ ನಿಗದಿಯಾದ ರಾಜಧನ, ವಿಶೇಷ ದರ್ಜೆಯ ಕಲ್ಲನ್ನು ಬಿಟ್ಟರೆ, ಟನ್ನಿಗೆ 80 ರೂಪಾಯಿ. 2015ರ ಜನವರಿ 12ಕ್ಕೆ ಮೊದಲಿನ ಗುತ್ತಿಗೆಗಳಾದರೆ ಅದರ ಶೇ 30, ಅಂದರೆ ಟನ್ನಿಗೆ 24 ರೂಪಾಯಿ, ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಹೆಚ್ಚುವರಿಯಾಗಿ ಸಲ್ಲಬೇಕು. ನಂತರದ ಗುತ್ತಿಗೆಗಳಾದರೆ ಶೇ 10. ವರ್ಷಕ್ಕೆ 50 ಲಕ್ಷ ಟನ್ ಕಲ್ಲು ಅಗೆಯುವ ಹಳೆಯ ಗುತ್ತಿಗೆಯೊಂದರಿಂದ ಈ ಲೆಕ್ಕದಲ್ಲಿ 12 ಕೋಟಿ ರೂಪಾಯಿ ಬರುತ್ತದೆ. ಗಣಿಬಾಧಿತ ಪ್ರದೇಶಗಳ ಜನರಿಗಾಗಿಯೇ ಇರುವ ಹಣ ಇದು. ಪರಿಷ್ಕೃತ ಮಾರ್ಗಸೂಚಿ ಇದರ ಕನಿಷ್ಠ ಶೇ 70ರಷ್ಟನ್ನು ಕುಡಿಯುವ ನೀರು, ಆರೋಗ್ಯ, ಶಿಕ್ಷಣದಂಥ ಆದ್ಯತಾ ಬಾಬತ್ತುಗಳಿಗೆ ಮೀಸಲಿಟ್ಟಿದೆ, ಆಟಕ್ಕೆಲ್ಲಿದೆ ಎಂದು ಕಡತ ಹಿಂತಿರುಗಿಸುವ ಅಧಿಕಾರಿಗಳಿದ್ದಾರೆ. ಯೋಜನೆಯ 2015ರ ಮೂಲ ಮಾರ್ಗಸೂಚಿಯಲ್ಲಿ ಶಿಕ್ಷಣ ಎಂಬ ಶೀರ್ಷಿಕೆಯ ಕೆಳಗೆ ಗ್ರಂಥಾಲಯ, ಕಲೆ ಮತ್ತು ಕರಕುಶಲ ಕೊಠಡಿ, ಕ್ರೀಡಾ ಸೌಲಭ್ಯಗಳ ಹೆಸರೇ ಇತ್ತು. ಕಡತ ಬರೆಯುವವನು ಆ ಸಾಲನ್ನು ಓದಿರಬೇಕಷ್ಟೆ. ಇದಲ್ಲದೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023-24ರ ಬಜೆಟ್ಟಿನಲ್ಲಿ ಘೋಷಿಸಿದ ಅನುದಾನ 5,000 ಕೋಟಿ ರೂಪಾಯಿ. ಕೊರತೆ ಹಣದ್ದೇ ಎಂದು ನಂಬಲು ನನಗೆ ಕಷ್ಟವಾಗುತ್ತದೆ.

ಆದರೆ ಸರ್ಕಾರಿ ಹಣಕ್ಕೆ ಒಂದು ಸ್ವಭಾವವಿದೆ. ಅದು ಗೋಡೆಯಾಗಲು ಬಯಸುತ್ತದೆ, ಮನುಷ್ಯನಾಗಲು ಬಯಸುವುದಿಲ್ಲ. ಸಂಸದರ ನಿಧಿಯಿರಲಿ, ಶಾಸಕರ ನಿಧಿಯಿರಲಿ, ಬಾಳಿಕೆಯ ಆಸ್ತಿ ಸೃಷ್ಟಿಸುವುದಕ್ಕೇ ಅದರ ಒಲವು. ಹೀಗಾಗಿ ಊರೂರಿಗೆ ಸಮುದಾಯ ಭವನಗಳು ಎದ್ದಿವೆ. ಅವುಗಳಲ್ಲಿ ಮದುವೆ ನಡೆಯುತ್ತದೆ, ಪಕ್ಷಗಳ ಸಭೆ ನಡೆಯುತ್ತದೆ. ಬಯಲಾಟದ ಮೇಳ ತಾಲೀಮಿಗೆ ಕೇಳಿದರೆ ಬಾಡಿಗೆ ಹೇಳುತ್ತಾರೆ. ವಿಚಿತ್ರವೆಂದರೆ ಎಷ್ಟೋ ಕಡೆ ಇಂಥ ಭವನ ಎದ್ದು ನಿಲ್ಲುವುದು ಶಾಲಾ ಮೈದಾನದ ಮೂಲೆಯಲ್ಲಿಯೇ. ಒಂದು ಮೂಲೆಗೆ ನೀರಿನ ಟ್ಯಾಂಕು, ಇನ್ನೊಂದಕ್ಕೆ ಅಂಗನವಾಡಿ, ಮತ್ತೊಂದಕ್ಕೆ ಸಮುದಾಯ ಭವನ. ಪ್ರತಿಯೊಂದೂ ಸಾರ್ವಜನಿಕ ಉದ್ದೇಶದ್ದೇ ಆದ್ದರಿಂದ ಆಕ್ಷೇಪಿಸುವವರಿಲ್ಲ. ಉದ್ಯಾನ, ಆಟದ ಬಯಲು, ತೆರೆದ ಜಾಗಗಳ ರಕ್ಷಣೆಗೆಂದು 1985ರಷ್ಟು ಹಿಂದೆಯೇ ನಮ್ಮ ರಾಜ್ಯದಲ್ಲಿ ಕಾಯ್ದೆಯಾಗಿದೆ. ಸಂವಿಧಾನದ 74ನೇ ತಿದ್ದುಪಡಿ ಸೇರಿಸಿದ ಹನ್ನೆರಡನೇ ಅನುಸೂಚಿಯಲ್ಲಿ ಆಟದ ಮೈದಾನವೂ ಸಾಂಸ್ಕೃತಿಕ ಉತ್ತೇಜನವೂ ನಗರ ಸಂಸ್ಥೆಗಳಿಗೆ ವಹಿಸಬಹುದಾದ ಕೆಲಸಗಳಾಗಿ ಸೇರಿವೆ. ಗ್ರಂಥಾಲಯಕ್ಕೆಂದು ಆಸ್ತಿ ತೆರಿಗೆಯ ಮೇಲೆ ಉಪಕರ ಕೊಡುತ್ತೇವೆ. ಮೈದಾನಕ್ಕೆ ಅಂಥದೇನೂ ಇಲ್ಲ, ಮೈದಾನ ಕಾಯುವವನ ಸಂಬಳಕ್ಕೆ ಶೀರ್ಷಿಕೆಯೇ ಇಲ್ಲ.

ಆ ಕಾಯುವವನ ಬಗ್ಗೆ ಒಂದೆರಡು ಮಾತು ಹೆಚ್ಚಾಗಿಯೇ ಹೇಳಬೇಕು. ಬೆಳಿಗ್ಗೆ ಗೇಟು ತೆರೆದು, ನೀರು ಹೊಡೆದು, ಗುಂಡಿ ಮುಚ್ಚಿ, ಸಂಜೆ ದೀಪ ಹಾಕಿ, ಕುಡುಕರನ್ನೂ ದನಗಳನ್ನೂ ಹೊರಗಟ್ಟುವ ಒಬ್ಬ ಮನುಷ್ಯನಿದ್ದರೆ ಹೆಣ್ಣುಮಕ್ಕಳ ಪೋಷಕರು ಧೈರ್ಯ ಮಾಡುತ್ತಾರೆ. ಅವನಿಲ್ಲದಿದ್ದರೆ ಎಷ್ಟು ಲಕ್ಷದ ಗ್ಯಾಲರಿ ಕಟ್ಟಿದರೂ ಆರು ತಿಂಗಳಲ್ಲಿ ಅದು ಇಸ್ಪೀಟಿನ ಜಾಗ. ಈ ಪಟ್ಟಣಗಳ ಮೈದಾನಗಳಲ್ಲಿ ಸಂಜೆ ಐದರ ಮೇಲೆ ನಾನು ಹುಡುಗಿಯರನ್ನು ಕಂಡದ್ದು ಅಪರೂಪ. ಶಾಲಾ ಹಂತದ ಕೊಕ್ಕೊ, ಕಬಡ್ಡಿಯಲ್ಲಿ ಜಿಲ್ಲೆಯವರೆಗೆ ಹೋದ ಹುಡುಗಿಯರು ಹತ್ತನೇ ತರಗತಿ ದಾಟಿದ ಮೇಲೆ ಎಲ್ಲಿ ಆಡುತ್ತಾರೆ ಎಂದು ಹುಡುಕಿದರೆ ಬೆಳಕು, ಶೌಚಾಲಯ, ಕಾವಲು ಮೂರೂ ಇಲ್ಲದ ಕಡೆ ಬಂದು ನಿಲ್ಲುತ್ತೇವೆ.

ಹುಡುಗರ ಕಥೆ ಬೇರೆ. ಮೈದಾನವಿಲ್ಲದ ಕಡೆ ಅವರು ಹೋಗುವುದು ಹಳೆಯ ಗಣಿಗಳ ಹೊಂಡಕ್ಕೆ. ಕಲ್ಲು ತೆಗೆದು ಬಿಟ್ಟ ಕುಣಿಗಳಲ್ಲಿ ಮಳೆನೀರು ನಿಂತರೆ ಅದೇ ಈಜುಕೊಳ. ಅಂಚು ಕಡಿದಾಗಿರುತ್ತದೆ, ಆಳ ತಿಳಿಯುವುದಿಲ್ಲ, ಹತ್ತಿ ಬರಲು ಮೆಟ್ಟಿಲಿರುವುದಿಲ್ಲ. ಶವಪರೀಕ್ಷೆಯ ಕಾಗದಗಳ ಮೂಲಕ ಈ ಹೊಂಡಗಳ ಪರಿಚಯವಾದ ಅಧಿಕಾರಿ ನಾನೊಬ್ಬನೇ ಅಲ್ಲ. ಅಂಥ ಕಾಗದದಲ್ಲಿ ಸಾವಿಗೆ ಕಾರಣ ಎಂಬ ಕಲಮಿನ ಎದುರು ಮುಳುಗಿ ಎಂದು ಬರೆಯುತ್ತಾರೆ, ಬೇರೆ ಏನನ್ನೂ ಬರೆಯಲು ಅಲ್ಲಿ ಜಾಗವಿಲ್ಲ.

ವಲಸೆಯನ್ನು ಮರೆತು ಈ ಸೀಮೆಯಲ್ಲಿ ಏನನ್ನೂ ಯೋಜಿಸಲಾಗದು. ತೊಗರಿ ರಾಶಿಯಾದ ಮೇಲೆ ಚಿಂಚೋಳಿಯ ತಾಂಡಾಗಳಿಂದ, ಸೇಡಂ ಹಳ್ಳಿಗಳಿಂದ ಕುಟುಂಬಗಳು ಮುಂಬೈ, ಪುಣೆ, ಹೈದರಾಬಾದಿಗೆ ಕೆಲಸ ಅರಸಿ ಹೋಗುತ್ತವೆ; ಮತ್ತೆ ಊರು ತುಂಬುವುದು ಮುಂಗಾರಿನ ಹೊತ್ತಿಗೆ. ಕಬಡ್ಡಿ ತಂಡದ ಏಳು ಜನರಲ್ಲಿ ನಾಲ್ವರು ಫೆಬ್ರುವರಿಯಿಂದ ಊರಲ್ಲಿರುವುದಿಲ್ಲ. ಲಂಬಾಣಿ ಕಸೂತಿಯ ಹೆಣ್ಣುಮಕ್ಕಳು ಕಟ್ಟಡದ ಕೆಲಸದಲ್ಲಿರುತ್ತಾರೆ. ಹಂಪಿಯಲ್ಲಿ 2023ರ ಜುಲೈನಲ್ಲಿ ಜಿ-20 ಸಭೆಯ ವೇಳೆ 1,755 ಲಂಬಾಣಿ ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಯಾಯಿತು. ಅದರ ಹಿಂದೆ ಸಂಡೂರಿನ ಕುಶಲ ಕಲಾ ಕೇಂದ್ರದ ದೀರ್ಘಕಾಲದ ದುಡಿಮೆಯಿತ್ತು. ಅದೇ ಸೂಜಿ, ಅದೇ ಕನ್ನಡಿ ಚೂರು ಚಿಂಚೋಳಿಯಲ್ಲೂ ಇವೆ. ವರ್ಷವಿಡೀ ಕೊಳ್ಳುವ ಸಂಸ್ಥೆಯೊಂದಿದ್ದರೆ ಒಂದಿಷ್ಟು ಮನೆಗಳಾದರೂ ರೈಲು ಹತ್ತುವ ಮೊದಲು ಯೋಚಿಸುತ್ತವೆ.

ರಂಗಭೂಮಿಗೆ ಬರುತ್ತೇನೆ. ವಿಲಿಯಂ ಬಾಮೊಲ್ ಮತ್ತು ವಿಲಿಯಂ ಬೊವೆನ್ ಎಂಬ ಅರ್ಥಶಾಸ್ತ್ರಜ್ಞರು 1966ರಲ್ಲಿ ಪ್ರದರ್ಶನ ಕಲೆಗಳ ಸಂಕಟವನ್ನು ವಿವರಿಸಿದ್ದರು. ಕಾರ್ಖಾನೆಯಲ್ಲಿ ಒಬ್ಬ ಕಾರ್ಮಿಕನ ಉತ್ಪಾದನೆ ದಶಕದಿಂದ ದಶಕಕ್ಕೆ ಏರುತ್ತದೆ, ಕೂಲಿಯೂ ಏರುತ್ತದೆ. ಆದರೆ ನಾಲ್ವರು ನುಡಿಸುವ ಸಂಗೀತಕ್ಕೆ ಇಂದೂ ನಾಲ್ವರೇ ಬೇಕು. ನಮ್ಮ ಬಯಲಾಟಕ್ಕೂ ಅಷ್ಟೆ. ಹಿಂದೆ ಹದಿನೈದು ಜನ ಬೇಕಾಗಿದ್ದ ಪ್ರಸಂಗಕ್ಕೆ ಇಂದೂ ಹದಿನೈದು ಜನ, ಇಡೀ ರಾತ್ರಿ. ಪಕ್ಕದ ಸಿಮೆಂಟ್ ಕಾರ್ಖಾನೆಯಲ್ಲಿ ಗುತ್ತಿಗೆ ಕೂಲಿ ಏರಿದಷ್ಟೂ ಆ ಹದಿನೈದು ಜನರನ್ನು ಒಟ್ಟುಗೂಡಿಸುವುದು ದುಬಾರಿಯಾಗುತ್ತದೆ. ಪ್ರೇಕ್ಷಕರ ಅಭಿರುಚಿ ಕೆಟ್ಟಿತೆಂದು ಹಳಿಯುವುದಕ್ಕಿಂತ ಈ ಲೆಕ್ಕವನ್ನು ಅರ್ಥ ಮಾಡಿಕೊಳ್ಳುವುದು ಒಳ್ಳೆಯದು.

ಹೆಗ್ಗೋಡಿನ ನೀನಾಸಂ 1985ರಲ್ಲಿ ತಿರುಗಾಟ ಆರಂಭಿಸಿದಾಗ ಮಾಡಿದ್ದು ಮೂಲತಃ ಖರ್ಚನ್ನು ಹಲವು ಊರುಗಳ ಮೇಲೆ ಹರಡುವ ಕೆಲಸ. ನಮ್ಮ ಐದು ಊರುಗಳಿಗೆ ನಿಸರ್ಗವಲ್ಲದಿದ್ದರೂ ನಿಜಾಮರ ರೈಲ್ವೆ ಆ ಅನುಕೂಲ ಕೊಟ್ಟಿದೆ. ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿ ತೆರೆದ ಹಳಿಯ ಮೇಲೇ ಚಿತ್ತಾಪುರ, ಮಳಖೇಡ ರೋಡ್, ಸೇಡಂ ಸಾಲಾಗಿ ಬರುತ್ತವೆ. ಮುಂಬೈ ಮಾರ್ಗದಲ್ಲಿ ವಾಡಿಯ ನೆರೆಯ ಪಟ್ಟಣವೇ ಶಹಾಬಾದ್. ಹಳಿ ಇಲ್ಲದ್ದು ಚಿಂಚೋಳಿಗೆ ಮಾತ್ರ, ಅಲ್ಲಿಗೆ ಸೇಡಂನಿಂದ ಬಸ್ಸಿದೆ. ಕಲಬುರಗಿಯಲ್ಲಿ ಸರ್ಕಾರದ್ದೇ ರಂಗಾಯಣವಿದೆ. ಒಂದು ನಗರಸಭೆ, ನಾಲ್ಕು ಪುರಸಭೆಗಳು ಸೇರಿ ತಿಂಗಳಿಗೆ ಒಂದು ನಾಟಕ, ಒಂದು ಬಯಲಾಟವನ್ನು ಐದೂ ಕಡೆ ಸರದಿಯಂತೆ ಆಡಿಸಲು ಒಪ್ಪಂದ ಮಾಡಿಕೊಂಡರೆ ಯಾವ ಒಂದು ಊರಿಗೂ ಹೊರೆಯಾಗದು. ಐವರು ಅಧ್ಯಕ್ಷರು ಒಂದು ಮೇಜಿನ ಸುತ್ತ ಕೂಡುವುದು ನಾಟಕ ಆಡಿಸುವುದಕ್ಕಿಂತ ಕಷ್ಟ ಎಂಬುದನ್ನು ಬಲ್ಲೆ.

ಖರ್ಚೇ ಇಲ್ಲದ ದಾರಿಗಳೂ ಇವೆ. ಕೊಲಂಬಿಯಾದ ಬೊಗೋಟಾ ನಗರ 1970ರ ದಶಕದಿಂದ ಭಾನುವಾರಗಳಂದು ಮುಖ್ಯರಸ್ತೆಗಳನ್ನು ವಾಹನಗಳಿಗೆ ಮುಚ್ಚಿ ಸೈಕಲ್ಲಿನವರಿಗೆ, ನಡೆಯುವವರಿಗೆ ಬಿಟ್ಟುಕೊಡುತ್ತಿದೆ. ಲಂಡನ್ನಿನ ಒಂದು ಉದ್ಯಾನದಲ್ಲಿ 2004ರಲ್ಲಿ 13 ಜನ ಆರಂಭಿಸಿದ ವಾರದ ಉಚಿತ ಓಟ ಇಂದು ಅನೇಕ ದೇಶಗಳಿಗೆ ಹರಡಿದೆ. ಅದಕ್ಕೆ ಬಹುಮಾನವಿಲ್ಲ, ಮುಖ್ಯ ಅತಿಥಿಯೂ ಇಲ್ಲ. ಸೇಡಂನಲ್ಲಿ ಭಾನುವಾರ ಬೆಳಿಗ್ಗೆ ಎರಡು ಗಂಟೆ ಸಿಮೆಂಟ್ ಲಾರಿಗಳನ್ನು ಊರ ಹೊರಗೆ ನಿಲ್ಲಿಸುವುದು ಪೊಲೀಸರಿಗೆ ಅಸಾಧ್ಯವೇನಲ್ಲ.

ಚಿತ್ತಾಪುರ 2025ರ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ರಾಜ್ಯದಾದ್ಯಂತ ಸುದ್ದಿಯಾಯಿತು. ಅಲ್ಲಿನ ಬೀದಿಗಳಲ್ಲಿ ಪಥಸಂಚಲನಕ್ಕೆ ಅನುಮತಿ ಕೊಡಬೇಕೇ ಎಂಬ ವಿವಾದ ಹೈಕೋರ್ಟಿನವರೆಗೆ ಹೋಯಿತು. ಆ ವಿವಾದದ ಗುಣದೋಷ ನನ್ನ ವಿಷಯವಲ್ಲ. ಸಾರ್ವಜನಿಕ ಜಾಗ ಯಾರದು ಎಂಬ ಪ್ರಶ್ನೆಗೆ ನಾಡಿನ ಗಮನ ಇಷ್ಟು ತೀವ್ರವಾಗಿ ಚಿತ್ತಾಪುರದ ಕಡೆ ತಿರುಗಿದ್ದಾಗ, ಆ ಜಾಗದಲ್ಲಿ ನಿತ್ಯ ಸಂಜೆ ಆಡಬೇಕಾದ ಮಕ್ಕಳ ಪರ ಒಂದು ಅರ್ಜಿಯೂ ಕೇಳಿಬರಲಿಲ್ಲವಲ್ಲ ಎಂದು ನನಗೆ ಅನ್ನಿಸಿತು.

ಈಗ ತುರ್ತಾಗಿರುವುದು ಶಹಾಬಾದಿನ ವಿಷಯ. ಹೊಸ ತಾಲ್ಲೂಕಾದ ಮೇಲೆ ಕಚೇರಿಗಳಿಗೆ, ವಸತಿಗೃಹಗಳಿಗೆ ಸರ್ಕಾರಿ ಜಮೀನು ಗುರುತಿಸುವ ಕೆಲಸ ನಡೆಯಲೇಬೇಕಾಗುತ್ತದೆ. ಒಮ್ಮೆ ಹಂಚಿಕೆಯಾದ ಜಮೀನು ಮೈದಾನವಾಗಿ ಮರಳಿದ ಉದಾಹರಣೆ ನನ್ನ ಸೇವಾವಧಿಯಲ್ಲಿ ಒಂದೂ ಇಲ್ಲ. ಪಹಣಿಯ ಕಾಲಂನಲ್ಲಿ ಆಟದ ಮೈದಾನ ಎಂಬ ಎರಡು ಪದ ನಮೂದಾಗದಿದ್ದರೆ ಆ ಜಾಗ ಕಡತದ ಪ್ರಕಾರ ಖಾಲಿ ಜಮೀನು. ಖಾಲಿ ಜಮೀನಿಗೆ ಕೇಳುವವರು ನೂರು ಜನ. ಮುಗಿದ ಗಣಿಗಳ ಪುನಶ್ಚೇತನಕ್ಕೆ 2017ರ ಖನಿಜ ಸಂರಕ್ಷಣಾ ನಿಯಮಗಳಂತೆ ಮುಚ್ಚುವ ಯೋಜನೆ ಸಲ್ಲಿಸುವುದು ಗುತ್ತಿಗೆದಾರರಿಗೆ ಕಡ್ಡಾಯ. ಅಂಥ ಯೋಜನೆಗಳಲ್ಲಿ ಸಾಮಾನ್ಯವಾಗಿ ಗಿಡ ನೆಡುವುದು, ನೀರಿನ ಹೊಂಡ ಉಳಿಸುವುದು ಇರುತ್ತದೆ. ಹೊಂಡದ ಒಂದು ಬದಿಗೆ ಇಳಿಜಾರು ಮಾಡಿ ಮೆಟ್ಟಿಲು ಕಟ್ಟಿ, ಪಕ್ಕದ ಹತ್ತು ಎಕರೆ ತುಂಬಿ ಸಮತಟ್ಟು ಮಾಡಿ ಊರಿಗೆ ಒಪ್ಪಿಸಬೇಕೆಂಬ ಷರತ್ತನ್ನು ಸ್ಥಳೀಯ ಸಂಸ್ಥೆಗಳು ಕೇಳಬಹುದು. ಕೇಳಲು ಒಂದು ಠರಾವು ಬೇಕು, ಜೊತೆಗೆ ಸರ್ವೆ ನಂಬರು. ನಗರಸಭೆ, ಪುರಸಭೆಗಳ ಬಜೆಟ್ ಸಭೆಗಳು ಮಾರ್ಚ್ ಒಳಗೆ ಮುಗಿಯುತ್ತವೆ. ಅದಕ್ಕೆ ಮೊದಲು ನಡೆಯುವ ಸಾರ್ವಜನಿಕ ಸಮಾಲೋಚನೆಗೆ ಸಾಮಾನ್ಯವಾಗಿ ಹತ್ತಿಪ್ಪತ್ತು ಮಂದಿ ಬಂದಿರುತ್ತಾರೆ. ಕುರ್ಚಿಗಳು ಖಾಲಿಯೇ ಇರುತ್ತವೆ.